ಲಿನಿಯೇಜ್ ಓಎಸ್ 47%ಕ್ಕೆ ನಿಂತು ಬಿಡ್ತಿದೆ, ತಲೆ ಕೆಟ್ಟಿದೆ

ತೊಗರಿ ಹೊಲ (ಕಲಬುರಗಿ): ಫೋನ್‌ನಲ್ಲಿ ಕಂಪನಿ ಓಎಸ್ ತೆಗೆದು ಲಿನಿಯೇಜ್ (ಅದರ ಬದಲಿಗೆ ಹಾಕುವ ಉಚಿತ ಆಂಡ್ರಾಯ್ಡ್) ಹಾಕಲು ರಾತ್ರಿಯಿಂದ ನಾಲ್ಕು ಸಲ ಮಾಡಿದೆ. ಲ್ಯಾಪ್‌ಟಾಪ್‌ನಿಂದ ಕೇಬಲ್ ಮೂಲಕ ಫೈಲ್ ಕಳಿಸುವ ಎಡಿಬಿ ಸೈಡ್‌ಲೋಡ್ ಕಮಾಂಡ್ ಕೊಟ್ಟರೆ 47%ಕ್ಕೆ ನಿಲ್ಲುತ್ತದೆ, ಫೇಲ್ಡ್ ಅಂತ ಏನೋ ಬರುತ್ತದೆ. ಫೋನ್ ಆನ್ ಮಾಡಿದರೆ ಬಾಗಿದ ಗೆರೆ ಮೇಲೆ ಒಂದು ದುಂಡು ಓಡಾಡುತ್ತಲೇ ಇರುತ್ತದೆ. ಅರ್ಧ ತಾಸು ಕಾದೆ. ಯಾರಾದರೂ ಹೇಳ್ರಿ.

ಬೀದರ್ ಕೋಟೆ ಮಣ್ಣು: ಕೇಬಲ್ ರೀ. ನೂರಕ್ಕೆ ನೂರು ಕೇಬಲ್.

ತೊಗರಿ ಹೊಲ: ಸೂಪರ್ ಮಾರ್ಕೆಟ್‌ಗೆ ಹೋಗಿ ಹೊಸದು ತಂದೆ, ಈ ಬಿಸಿಲಲ್ಲಿ. ಅದೇ 47.

ಬೀದರ್ ಕೋಟೆ ಮಣ್ಣು: ಹಂಗಾದ್ರೆ ಪೋರ್ಟ್. ಯುಎಸ್‌ಬಿ 3 ಬಿಟ್ಟು 2ಕ್ಕೆ ಚುಚ್ಚಿ.

ಕಪ್ಪು ಟರ್ಮಿನಲ್: ವಿಂಡೋಸ್‌ನಲ್ಲಿ ಮಾಡಿದರೆ ಹೀಗೇ. ನನ್ನದು ಡೆಬಿಯನ್ ಲಿನಕ್ಸ್. ಸಯಾನೋಜೆನ್‌ಮಾಡ್ ಇದ್ದಾಗಿನಿಂದ ಹಾಕುತ್ತಿದ್ದೇನೆ, 2016ರ ಡಿಸೆಂಬರ್‌ನಲ್ಲಿ ಅದು ಮುಚ್ಚಿ ಲಿನಿಯೇಜ್ ಆದಾಗಲೂ ಇದ್ದೆ. ಈಗ ಮನೆಯಲ್ಲಿ ಐದು ಫೋನ್. ಒಂದರಲ್ಲಿ ಉಬುಂಟು ಟಚ್, ಒಂದರಲ್ಲಿ ಪೋಸ್ಟ್‌ಮಾರ್ಕೆಟ್‌ಓಎಸ್, ಎರಡೂ ಫೋನ್‌ಗೆ ಹಾಕುವ ಲಿನಕ್ಸ್.

ಬೀದರ್ ಕೋಟೆ ಮಣ್ಣು: ಐದರಲ್ಲಿ ಕಾಲ್ ಹೋಗೋದು ಎಷ್ಟರಲ್ಲಿ?

ಕಪ್ಪು ಟರ್ಮಿನಲ್: ಅದು ಬೇರೆ ವಿಷಯ.

ಭೀಮಾ ದಂಡೆ (ಯಾದಗಿರಿ): ಫೋನ್ ಯಾವುದು ಅಂತ ಯಾರೂ ಕೇಳಲೇ ಇಲ್ಲವಲ್ಲ?

ತೊಗರಿ ಹೊಲ: ಪೋಕೋ ಎಫ್1. ಹೇಳಿರಲಿಲ್ವಾ?

ಭೀಮಾ ದಂಡೆ: ಇಲ್ಲ. ಲ್ಯಾಪ್‌ಟಾಪ್ ಬಿಡಿ, ಫೋನ್ ಪರದೆಯಲ್ಲಿ ಕೊನೇ ಸಾಲು ಏನಿದೆ?

ತೊಗರಿ ಹೊಲ: ‘ಇನ್‌ಸ್ಟಾಲ್ ಕಂಪ್ಲೀಟೆಡ್ ವಿತ್ ಸ್ಟೇಟಸ್ 0’.

ಭೀಮಾ ದಂಡೆ: ಸೊನ್ನೆ ಅಂದ್ರೆ ಆಯ್ತು ಅಂತ! ಕೆಲವು ಸಲ ಎಡಿಬಿ 47ಕ್ಕೇ ನಿಲ್ಲುತ್ತದೆ, ಪೂರ್ತಿ ಹೋಗಿರುತ್ತದೆ. ನೀವು ಹೇಳಿದ ಓಡಾಡುವ ದುಂಡೂ ಲಿನಿಯೇಜ್‌ದೇ. ಓಎಸ್ ನಾಲ್ಕೂ ಸಲ ಕೂತಿದೆ. ಹಳೇ ಡೇಟಾ ಅಳಿಸಿದ್ದೀರಾ?

ತೊಗರಿ ಹೊಲ: ಫೋಟೋ ಎಲ್ಲಾ ಅಳಿಸಿದೆ.

ಭೀಮಾ ದಂಡೆ: ಅದಲ್ಲರೀ. ರಿಕವರಿಯಲ್ಲಿ (ಸೈಡ್‌ಲೋಡ್ ಮಾಡಿದ ಅದೇ ಮೆನು) ಫ್ಯಾಕ್ಟರಿ ರಿಸೆಟ್, ಅದರೊಳಗೆ ಫಾರ್ಮ್ಯಾಟ್ ಡೇಟಾ. ಕಂಪನಿ ಓಎಸ್ ಲಾಕ್ ಮಾಡಿಟ್ಟ ಡೇಟಾ ಲಿನಿಯೇಜ್‌ಗೆ ಬಿಚ್ಚಲು ಬರಲ್ಲ. ಅಲ್ಲೇ ಸುತ್ತುತ್ತಾ ಕೂರುತ್ತದೆ.

ತೊಗರಿ ಹೊಲ: ಬಂತು ಅಣ್ಣಾ!! ಭಾಷೆ ಕೇಳ್ತಿದೆ. ಕನ್ನಡ ಇಟ್ಟೆ.

ಬೀದರ್ ಕೋಟೆ ಮಣ್ಣು: ಹೊಸ ಕೇಬಲ್ ಕೆಲಸ ಮಾಡ್ತು ನೋಡಿ.

ಭೀಮಾ ದಂಡೆ: ಕೇಬಲ್‌ಗೂ ಇದಕ್ಕೂ ಏನು ಸಂಬಂಧ ಮಾರಾಯ್ರೇ?

ತೊಗರಿ ಹೊಲ: ಒಂದು ಡೌಟು. ಪ್ಲೇ ಸ್ಟೋರ್ ಎಲ್ಲಿದೆ?

ಭೀಮಾ ದಂಡೆ: ಗೂಗಲ್ ಆ್ಯಪ್‌ಗಳು ಇದರಲ್ಲಿ ಬರಲ್ಲ. ಬೇಕಿದ್ದರೆ ಮೊದಲ ಸಲ ಆನ್ ಮಾಡುವ ಮುಂಚೆಯೇ ಸೈಡ್‌ಲೋಡ್ ಮಾಡಬೇಕಿತ್ತು. ಈಗ ಮತ್ತೆ ಫಾರ್ಮ್ಯಾಟ್.

ಕಪ್ಪು ಟರ್ಮಿನಲ್: ಗೂಗಲ್ ಯಾಕೆ ಬೇಕು? ಎಫ್-ಡ್ರಾಯ್ಡ್ ಹಾಕಿ, ಓಪನ್ ಸೋರ್ಸ್ ಆ್ಯಪ್‌ಗಳ ಸ್ಟೋರ್.

ತೊಗರಿ ಹೊಲ: ಹಾಲಿನವರಿಗೆ ಯುಪಿಐ ಮಾಡಬೇಕಲ್ಲರೀ.

ಬೀದರ್ ಕೋಟೆ ಮಣ್ಣು: ಆ ಕೇಬಲ್‌ಗೆ ಎಷ್ಟು ಕೊಟ್ರಿ?