ಆಯಿ ಹೆಬ್ಬೆಟ್ಟು, ಬಸು ಕಾಕಾನ ಫಾರ್ವರ್ಡ್

ಬಸು ಕಾಕಾ: (ಫಾರ್ವರ್ಡ್) ಎಚ್ಚರ!! ಎಚ್ಚರ!! +92 ರಿಂದ ಬರುವ ಕರೆ ಸ್ವೀಕರಿಸಿದ 3 ಸೆಕೆಂಡಿನಲ್ಲಿ ನಿಮ್ಮ ಖಾತೆ ಖಾಲಿ. ಪೊಲೀಸ್ ಆದೇಶ. ಎಲ್ಲ ಗ್ರೂಪಿಗೂ ಕಳಿಸಿ 🙏🙏

ಬಸು ಕಾಕಾ: ನಮ್ಮ ಅವ್ವಗ, ನಿಮ್ಮ ಆಯಿಗಿ, ಇದೇ ಆಗ್ಯದ ನೋಡ್ರಿ, ಖಾತೆದಾಗಿನ ರೊಕ್ಕ ಹೋಗ್ಯದ. ಯಾವ ಕಾಲ್ ಬಂದ್ರೂ ಎತ್ತತಾಳ, ನಾ ಸಾವಿರ ಸಲ ಹೇಳೀನಿ

ಮಹೇಶ: ಕಾಕಾ ಯಾವ ಆದೇಶರಿ ಇದು, ನಂಬರಿಲ್ಲ ತಾರೀಖಿಲ್ಲ. ಬರೇ ಕಾಲ್ ಎತ್ತಿದ್ರ ರೊಕ್ಕ ಹೋಗಲ್ಲ. ಓಟಿಪಿ ಹೇಳಿದ್ರ, ಅವರು ಹೇಳಿದ ಕೋಡ್ ಒತ್ತಿ ನಮ್ಮ ಕಾಲ್ ಅವರಿಗಿ ಫಾರ್ವರ್ಡ್ ಮಾಡಿದ್ರ, ಇಲ್ಲ ಕಳಸಿದ್ದ ಆ್ಯಪ್ ಹಾಕ್ಕೊಂಡ್ರ ಹೋಗ್ತದ

ಬಸು ಕಾಕಾ: ಬೆಂಗಳೂರಿಗಿ ಹೋದಾಗಿಂದ ಎಲ್ಲದಕ್ಕೂ ಪ್ರೂಫ್ ನಿಂದು

ದೊಡ್ಡಪ್ಪ: ಹಿರ್‍ಯಾರ ಮಾತಿಗಿ ಪ್ರೂಫ್ ಕೇಳೂ ಕಾಲ ಬಂತು. ಮನುಷ್ಯಾಗ ಆಸಿ ಇರಬಾರದು, ಆಸಿ ಇದ್ದಲ್ಲೇ ಮೋಸ

ಸಂಗೀತಾ: ದೊಡ್ಡಪ್ಪಾ ಆಯಿಗಿ ಎಲ್ಲಿ ಆಸಿರಿ? ಆಕಿದು ಬಟನ್ ಫೋನ್. ಯಾವ ಕಾಲೂ ಬಂದಿಲ್ಲ. ಪಾಸ್‌ಬುಕ್ ಪ್ರಿಂಟ್ ಹಾಕಿಸಿದಾಗ ಗೊತ್ತಾತು, ಎರಡು ಸಲ ಹತ್ತು ಹತ್ತು ಸಾವಿರ, ಮುಂದ ಎಇಪಿಎಸ್ ಅಂತ ಬರದದ. ಅಂದ್ರ ಆಧಾರ್ ನಂಬರ್ ಹಾಕಿ ಹೆಬ್ಬೆಟ್ಟಿಲೆ ತಗದಾರ

ರವಿ: ಕಲಬುರಗಿ ಸೂಪರ್ ಮಾರ್ಕೆಟ್‌ನ್ಯಾಗಿನ ಎಸ್‌ಟಿಡಿ ಬೂತ್ ನೆನಪದನಾ ಯಾರಿಗರೆ 😄 ರಾತ್ರಿ ರೇಟ್ ಕಡಿಮಿ ಆಗೂತನ ಪಾಳಿ ಹಚ್ಚಿ ನಿಂದ್ರತಿದ್ದಿವಿ, ಶರಣಬಸವೇಶ್ವರ ಅಪ್ಪನ ಜಾತ್ರ್ಯಾಗ ಮಾಮಾನ ಕಿಸೆ ಕತ್ರಿಸಿದಾಗ ಅಲ್ಲಿಂದೇ ಊರಿಗಿ ಫೋನ್ ಹಚ್ಚಿದ್ದು

ಸಂಗೀತಾ: ರವಿ ಸುಮ್ ಕುಂದ್ರೋ

ಮಹೇಶ: 2023ರಾಗ ಬೆಂಗಳೂರಾಗ ಇಂಥ ಕೇಸ್ ಭಾಳ ಬಂದಿದ್ವು. ಜಮೀನ್ ರಜಿಸ್ಟ್ರಿ ಕಾಗದದಾಗಿನ ಹೆಬ್ಬೆಟ್ಟು, ಆಧಾರ್ ನಂಬರ್ ಎರಡೂ ತಗೊಂಡು ನಕಲಿ ಬೆರಳು ಮಾಡಿ ರೊಕ್ಕ ತಗೀತಿದ್ರು, ಓಟಿಪಿನೇ ಬೇಕಾಗಲ್ಲ. ಆಯಿದು ಎಲ್ಲಿಂದ ಹೋತೋ ಗೊತ್ತಿಲ್ಲ

ಬಸು ಕಾಕಾ: ಅಂದ್ರ? ಅವ್ವಗ ರಜಿಸ್ಟ್ರಿ ಆಫೀಸಿಗಿ ಕರ್ಕೊಂಡು ಹೋದಾವ ನಾನೇ, ಅದಕ್ಕ ನಾನೇ ಕಳ್ಳ ಅಂತೇನು

ಮಹೇಶ: ನಾ ಹಂಗ ಎಲ್ಲಿ ಅಂದಿನ್ರಿ

ದೊಡ್ಡಪ್ಪ: ರಜಿಸ್ಟ್ರಿ ಮಾತು ತಗೀಬ್ಯಾಡ್ರಿ. ಕೆರಿ ಕೆಳಗಿನ ತೊಗರಿ ಹೊಲ ಯಾರ ಪಾಲಿಗಿ ಹೋತು ಅಂತ ನಾ ಇವತ್ತಿಗೂ ಬಾಯಿ ಬಿಟ್ಟಿಲ್ಲ

ಬಸು ಕಾಕಾ: ಈಗ ಬಿಟ್ರಲ್ಲ. ಅವ್ವನ ಕಣ್ಣಿನ ಆಪರೇಷನ್‌ಗಿ ಯಾರು ಕೊಟ್ರು ಅದೂ ಬಿಡ್ರಿ

*ಬಸು ಕಾಕಾ ಗ್ರೂಪ್ ತೊರೆದರು*

ರವಿ: ಮತ್ತ ಹೋದ್ರು

ಮಹೇಶ: ಅಕ್ಕಾ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚಿದ್ಯಾ?

ಸಂಗೀತಾ: ಹಚ್ಚೀನಿ, ಕಂಪ್ಲೇಂಟ್ ನಂಬರ್ ಕೊಟ್ಟಾರ. ಬ್ಯಾಂಕಿನಾಗ ಮಾತ್ರ ನಿಮ್ಮ ಹೆಬ್ಬೆಟ್ಟೇ ಅದಲ್ರಿ, ನಾವೇನು ಮಾಡಾಮು ಅಂತಾರ

ಮಹೇಶ: ಬಾಯಿಲೆ ಹೇಳಿದ್ರ ಕೇಳಬ್ಯಾಡ. ಆ ಕಂಪ್ಲೇಂಟ್ ನಂಬರ್ ಹಾಕಿ ಅರ್ಜಿ ಬರಕೊಟ್ಟು ಸೀಲ್ ಹಾಕಿಸ್ಕೊ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆದಾಗ, ನಮ್ಮ ತಪ್ಪಿಲ್ದ ಹೋಗಿದ್ರ, ಬ್ಯಾಂಕಿನ ಮೆಸೇಜ್ ಬಂದ ಮೂರು ವರ್ಕಿಂಗ್ ಡೇ ಒಳಗ ತಿಳಿಸಿದ್ರ ಪೂರಾ ರೊಕ್ಕ ವಾಪಸ್ ಕೊಡಬೇಕು ಅಂತ ಇತ್ತು. ಮೆಸೇಜೇ ಬಂದಿಲ್ಲಂದ್ರ ಅದನ್ನೂ ಅರ್ಜಿನ್ಯಾಗ ಬರಿ. ಮತ್ತ ಇವತ್ತೇ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡು, ಇಲ್ಲಂದ್ರ ಉಳದದ್ದೂ ಹೋಗ್ತದ

ದೊಡ್ಡಪ್ಪ: ಲಾಕ್ ಮಾಡಿದ್ರ ರೇಷನ್ ಅಂಗಡ್ಯಾಗ ಹೆಬ್ಬೆಟ್ಟು ಹತ್ತತದೇನು? ಅಕ್ಕಿ ನೀ ಕೊಡ್ತಿಯಾ

ಮಹೇಶ: ಅಕ್ಕಿ ತರೂ ಹೊತ್ತಿಗಿ ಅನ್‌ಲಾಕ್ ಮಾಡಬೇಕ್ರಿ, ಹತ್ತು ನಿಮಿಷ ತೆರೀತದ, ಆಮ್ಯಾಲ ತಾನೇ ಮುಚ್ಚತದ

ದೊಡ್ಡಪ್ಪ: ಹತ್ತು ನಿಮಿಷದಾಗ ಆ ಪಾಳಿ ಮುಗೀತದೇನು

ಸಂಗೀತಾ: ಲಾಕ್ ಮಾಡ್ಲಾಕತ್ತೀನಿ, ಓಟಿಪಿ ಕಳಸೀವಿ ಅಂತದ, ಇಲ್ಲಿ ಬರವಲ್ದು. ಆಯಿ ಆಧಾರಿಗಿ ಯಾರ ನಂಬರ್ ಹಾಕ್ಯಾರ?

ರವಿ: ಬಸು ಕಾಕಾಂದು 😂

ಸಂಗೀತಾ: ಅವರು ನನ್ನ ಫೋನ್ ಎತ್ತವಲ್ರು. ದೊಡ್ಡಪ್ಪಾ ನೀವೇ ಹಚ್ಚಿ ಮಾತಾಡ್ರಿ, ಲಗೂ