ಕಾಂಗೋಗೆ ಹೊರಟ ಸೈನಿಕನಿಗೆ ಪ್ಲೇಗ್ ಲಸಿಕೆ ಬೇಕೇ?

ಪ್ರಶ್ನೆ (ಬೈಲಹೊಂಗಲ): ನಮಸ್ಕಾರ ಡಾಕ್ಟರರೇ. ಸೇನೆಯಲ್ಲಿರುವ ನನ್ನ ತಮ್ಮ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಂದಿಗೆ ಪೂರ್ವ ಕಾಂಗೋಗೆ ಹೊರಟಿದ್ದಾನೆ. ಅಲ್ಲಿ ಈಗಲೂ ಪ್ಲೇಗ್ ಇದೆಯೆಂದು ಕೇಳಿ ನಮ್ಮ ತಾಯಿಯವರು ಗಾಬರಿಗೊಂಡಿದ್ದಾರೆ. ಅವನಿಗೆ ಹಾಕಿದ ಲಸಿಕೆಗಳಲ್ಲಿ ಹಳದಿ ಜ್ವರದ್ದಿದೆ, ಪ್ಲೇಗಿನದಿಲ್ಲ. ಹಿಂದೆ ನಮ್ಮ ಕಡೆಯೂ ಪ್ಲೇಗಿನ ಸೂಜಿ ಹಾಕುತ್ತಿದ್ದರೆಂದು ಅಜ್ಜ ಹೇಳುತ್ತಿದ್ದರು. ಬೆಳಗಾವಿಯಲ್ಲಿ ಖಾಸಗಿಯಾಗಿ ಹಾಕಿಸಬಹುದೇ?

ಉತ್ತರ (ವೈದ್ಯರು, ಬೆಳಗಾವಿ): ಅದನ್ನು ಹುಡುಕಿಕೊಂಡು ಅಲೆಯಬೇಡಿ. ಪಟ್ಟಿಯಲ್ಲಿ ಅದು ಇಲ್ಲದಿರುವುದು ಯಾರದೋ ಮರೆವಿನಿಂದಲ್ಲ. ಪ್ರಯೋಗಾಲಯದಲ್ಲಿ ಈ ರೋಗಾಣುವಿನೊಡನೆ ಕೆಲಸ ಮಾಡುವವರಂತಹ ಹೆಚ್ಚಿನ ಅಪಾಯದವರನ್ನು ಬಿಟ್ಟರೆ ಉಳಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಈ ಲಸಿಕೆಯನ್ನು ಶಿಫಾರಸು ಮಾಡುವುದಿಲ್ಲ.

ನಿಮ್ಮ ಅಜ್ಜನವರ ಮಾತು ನಿಜ. ಸತ್ತ ರೋಗಾಣುಗಳಿಂದ ವಿಜ್ಞಾನಿ ಹಾಫ್‌ಕಿನ್ ಅವರು 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಲಸಿಕೆಯನ್ನು ಮರುವರ್ಷವೇ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಕಿಸಿಕೊಂಡಿದ್ದರು. ಇದೇ ಬಗೆಯ ಲಸಿಕೆಯನ್ನು ಅಮೆರಿಕ ವಿಯೆಟ್ನಾಂ ಯುದ್ಧಕಾಲದಲ್ಲಿ ತನ್ನ ಸೈನಿಕರಿಗೆ ಕೊಟ್ಟಿತು. ಸುತ್ತಲಿನ ಜನರಲ್ಲಿ ಸಾವಿರಾರು ಮಂದಿಗೆ ರೋಗ ತಗಲಿದರೂ ಸೈನಿಕರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಮಾತ್ರ ತಗಲಿತು. ಆದರೆ ಅದರ ಶ್ರೇಯಸ್ಸನ್ನೆಲ್ಲ ಲಸಿಕೆಗೇ ಕೊಡಲಾಗದು, ಇಲಿಗಳಿಂದ ಜನರಿಗೆ ಪ್ಲೇಗ್ ಹರಡುವ ಚಿಗಟಗಳನ್ನು ಕೊಲ್ಲುವ ಔಷಧದ ಬಳಕೆಯೂ ಅಲ್ಲಿತ್ತು. ಇನ್ನು ಅದರ ಮಿತಿಗಳು: ಗಡ್ಡೆ ಪ್ಲೇಗಿನಿಂದ ಒಂದಿಷ್ಟು ರಕ್ಷಣೆ ಸಿಗುತ್ತಿತ್ತೇ ಹೊರತು, ಕೆಮ್ಮಿನಿಂದ ಒಬ್ಬರಿಂದೊಬ್ಬರಿಗೆ ಹರಡುವ, ಚಿಕಿತ್ಸೆ ಸಿಗದಿದ್ದರೆ ಬಹುತೇಕ ಸಾವಿನಲ್ಲೇ ಕೊನೆಗೊಳ್ಳುವ ಶ್ವಾಸಕೋಶದ ಪ್ಲೇಗನ್ನು ಅದು ತಡೆಯುತ್ತದೆಂಬ ಭರವಸೆ ಇರಲಿಲ್ಲ. ಸುಮಾರು ಆರು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕಿತ್ತು, ಜ್ವರ ಮತ್ತು ತೋಳುನೋವು ಸಾಮಾನ್ಯವಾಗಿದ್ದವು. ಅಮೆರಿಕದಲ್ಲಿ 1999ರಲ್ಲಿ ಅದರ ತಯಾರಿಕೆಯೇ ನಿಂತಿತು.

ನಿಮ್ಮ ತಮ್ಮನಿಗೆ ಬೇಕಾದದ್ದು ಚಿಗಟಗಳಿಂದ ದೂರವಿರುವುದು. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಮೈಗೆ ಕೀಟ ನಿವಾರಕ ಹಚ್ಚಿಕೊಳ್ಳಬೇಕು. ಥಟ್ಟನೆ ಜ್ವರ ಬಂದು ತೊಡೆಸಂದಿ ಅಥವಾ ಕಂಕುಳಲ್ಲಿ ನೋವಿನ ಗಡ್ಡೆ ಎದ್ದರೆ, ಇಲ್ಲವೇ ಕೆಮ್ಮಿನಲ್ಲಿ ರಕ್ತ ಕಂಡರೆ, ಆ ಕ್ಷಣವೇ ವೈದ್ಯರ ಬಳಿಗೆ ಹೋಗಬೇಕು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್‌ನಂತಹ ಸಾಮಾನ್ಯ ಔಷಧಗಳೇ ಜೀವ ಉಳಿಸುತ್ತವೆ, ಆದರೆ ಶ್ವಾಸಕೋಶದ ಪ್ಲೇಗಿನಲ್ಲಿ ಅವು ಮೊದಲ 24 ಗಂಟೆಯೊಳಗೆ ಶುರುವಾಗಬೇಕು.

ಪ್ರಶ್ನೆ (ವಿಜಯಪುರ): ಹಾಗಾದರೆ ಅಲ್ಲಿರುವಷ್ಟು ದಿನವೂ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ನುಂಗುತ್ತಿರಬಹುದೇ ಸರ್?

ಉತ್ತರ: ಪ್ಲೇಗಿನ ಹೆದರಿಕೆಗಾಗಿ ಬೇಡ. ರೋಗಿಯ ಹತ್ತಿರದ ಸಂಪರ್ಕಕ್ಕೆ ಬಂದವರಿಗೆ ಸಾಮಾನ್ಯವಾಗಿ ಏಳು ದಿನ ಅದನ್ನು ಕೊಡುತ್ತಾರೆ, ಅದನ್ನು ನಿರ್ಧರಿಸಬೇಕಾದವರು ಪಡೆಯ ವೈದ್ಯಾಧಿಕಾರಿಗಳು. ಮಲೇರಿಯಾ ತಡೆಗೆಂದು ಅವರು ಇದೇ ಮಾತ್ರೆಯನ್ನು ಕೊಟ್ಟಿದ್ದರೆ ಮಾತ್ರ ಯಾರ ಮಾತು ಕೇಳಿಯೂ ನಿಲ್ಲಿಸಬಾರದು. ಕಾಂಗೋದಲ್ಲಿ ಪ್ಲೇಗಿಗಿಂತ ಮಲೇರಿಯಾ ತಗಲುವ ಸಂಭವವೇ ಬಹಳ ಹೆಚ್ಚು.