ಪದಚರ್ಚೆ: ಗೆಲಾಕ್ಸಿಗಳ ‘ಅಲೈನ್‌ಮೆಂಟ್’ಗೆ ಯಾವ ಪದ?

ಆತ್ಮೀಯರೇ,

ಮಡಿಕೇರಿಯ ಪ್ರೌಢಶಾಲಾ ಮಕ್ಕಳಿಗೆಂದು ಖಗೋಳದ ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಅಲೈನ್‌ಮೆಂಟ್’ ಎಂಬಲ್ಲಿಗೆ ಬಂದು ನಿಂತಿದ್ದೇನೆ. ಗ್ಯಾರೇಜಿನ ‘ವೀಲ್ ಅಲೈನ್‌ಮೆಂಟ್’ ಮಕ್ಕಳಿಗೆ ಗೊತ್ತು. ನನಗೆ ಬೇಕಿರುವುದು ಆಕಾಶದ್ದು.

ಗೆಲಾಕ್ಸಿ ಗುಚ್ಛಗಳು ಬಹುಮಟ್ಟಿಗೆ ದುಂಡಗಿರುವುದಿಲ್ಲ, ನೀಳವಾಗಿರುತ್ತವೆ. ಆ ನೀಳ ಅಕ್ಷವು ಕೋಟಿಗಟ್ಟಲೆ ಜ್ಯೋತಿರ್ವರ್ಷ ಆಚೆಗಿನ ನೆರೆಯ ಗುಚ್ಛದ ಕಡೆಗೇ ಚಾಚಿರುವುದು ಹೆಚ್ಚು ಎಂದು 1982ರಲ್ಲಿ ಖಗೋಳವಿಜ್ಞಾನಿ ಬ್ರೂನೋ ಬಿಂಗೆಲಿ ತೋರಿಸಿದರು. ಗುಚ್ಛದ ನಡುವಿನ ದೈತ್ಯ ಗೆಲಾಕ್ಸಿಯೂ ಸಾಮಾನ್ಯವಾಗಿ ಅದೇ ದಿಕ್ಕಿಗೆ ನೀಳವಾಗಿರುತ್ತದೆ.

‘ಪಂಕ್ತೀಕರಣ’, ‘ಸಾಲುಗೂಡಿಕೆ’ ಎರಡೂ ನನಗೆ ಒಪ್ಪಿಗೆಯಿಲ್ಲ. ಕಾಫಿ ತೋಟದ ಸಿಲ್ವರ್ ಓಕ್ ಮರಗಳು ಸಾಲಿನಲ್ಲಿರುತ್ತವೆ, ಅಂದರೆ ಅದು ನಿಂತ ಜಾಗದ ಮಾತು. ಇಲ್ಲಿ ಮುಖ್ಯವಾದದ್ದು ಜಾಗವಲ್ಲ, ಚಾಚಿದ ದಿಕ್ಕು. ನಮ್ಮ ಐನ್‌ಮನೆಗಳು (ಕೊಡಗಿನ ಮನೆತನಗಳ ಮೂಲಮನೆಗಳು) ಗುಡ್ಡಕ್ಕೊಂದರಂತೆ ಚದುರಿದ್ದರೂ ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ. ಹಾಗಾಗಿ ‘ಅಭಿಮುಖತೆ’ ಎನ್ನೋಣವೆಂದುಕೊಂಡೆ. ಆದರೆ ಮನೆಗೆ ಮುಂಬಾಗಿಲು, ಹಿತ್ತಿಲು ಎಂದಿದೆ. ನೀಳವಾದ ಗೆಲಾಕ್ಸಿಗೆ ಎರಡು ತುದಿಗಳೂ ಸಮ, ಮುಖ ಯಾವುದೆಂದು ಹೇಳುವುದು?

ಕಾರಣ ನೋಡಿದರೆ ಹೊಳೆಯೇ ಹತ್ತಿರದ ಹೋಲಿಕೆ. ಮಳೆಗಾಲದ ಕಾವೇರಿಯಲ್ಲಿ ತೇಲಿ ಬರುವ ಬಿದಿರು ಹರಿವಿನ ಉದ್ದಕ್ಕೆ ತಿರುಗಿಕೊಳ್ಳುತ್ತದೆ. ವಿಶ್ವದಲ್ಲಿಯೂ ದ್ರವ್ಯವು ಗುಚ್ಛಗಳ ನಡುವಿನ ಎಳೆಗಳ ಗುಂಟ ಒಳಹರಿಯುತ್ತದೆ. ಸುತ್ತಲಿನ ಗುರುತ್ವದ ಸೆಳೆತವೂ ಸೇರಿ ಗುಚ್ಛದ ಆಕಾರ ಆ ಎಳೆಯ ಉದ್ದಕ್ಕೇ ಚಾಚಿಕೊಳ್ಳುತ್ತದೆ. (ಹೋಲಿಕೆ ಪೂರ್ತಿ ಸರಿಯಲ್ಲ: ಬಿದಿರು ತಿರುಗುತ್ತದೆ, ಗುಚ್ಛ ಹಾಗೆಯೇ ಬೆಳೆಯುತ್ತದೆ.)

‘ಅಕ್ಷಹೊಂದಿಕೆ’ ಎಂದು ಬರೆದು ಅಳಿಸಿದೆ, ಅರಿಸಮಾಸ ಕಿವಿಗೆ ಚುಚ್ಚಿತು. ‘ದಿಕ್ಕು’ ತದ್ಭವವಾದ್ದರಿಂದ ‘ದಿಕ್ಕುಹೊಂದಿಕೆ’ ಸಲ್ಲುತ್ತದೆ ಎಂಬುದು ನನ್ನ ಎಣಿಕೆ. ‘ಈ ಗುಚ್ಛ ನೆರೆಯದರೊಂದಿಗೆ ದಿಕ್ಕುಹೊಂದಿದೆ’ ಎಂದು ಕ್ರಿಯಾಪದವಾಗಿಯೂ ಬಳಸಬಹುದು.

ಇನ್ನೊಂದು ತೊಡಕಿದೆ. ದೂರದ ಗೆಲಾಕ್ಸಿಗಳ ಬೆಳಕು ನಡುವಿನ ದ್ರವ್ಯದ ಗುರುತ್ವದಿಂದ ಬಾಗುವುದರಿಂದ ಅವುಗಳ ಆಕಾರ ತುಸು ಸೊಟ್ಟಗಾಗಿ, ಒಂದೇ ದಿಕ್ಕಿಗೆ ಹೊಂದಿಕೊಂಡಂತೆ ಕಾಣುತ್ತದೆ. ಅದು ಬರಿಯ ತೋರಿಕೆ. ಯೂಕ್ಲಿಡ್ ಬಾಹ್ಯಾಕಾಶ ದೂರದರ್ಶಕದ ಅಳತೆಗಳಲ್ಲಿ ನಿಜವಾದ ಹೊಂದಿಕೆ, ಈ ತೋರಿಕೆ ಎರಡನ್ನೂ ಬೇರ್ಪಡಿಸಲೇಬೇಕು. ಒಂದನ್ನು ‘ಸಹಜ ದಿಕ್ಕುಹೊಂದಿಕೆ’, ಇನ್ನೊಂದನ್ನು ‘ತೋರಿಕೆಯ ದಿಕ್ಕುಹೊಂದಿಕೆ’ ಎಂದರೆ ಹತ್ತನೆಯ ತರಗತಿಯವರಿಗೆ ತಿಳಿದೀತೇ? ಇದಕ್ಕಿಂತ ಹಗುರವಾದ ಪದ ನಿಮ್ಮ ಕಡೆಯ ಮಾತಿನಲ್ಲಿದ್ದರೆ ದಯವಿಟ್ಟು ತಿಳಿಸಿ.